ನಮ್ಮ ಭಾವ ಎಣ್ಣೆ ಬಿಟ್ಟದ್ದು

ನಮ್ಮ ಭಾವನಿಗೆ ಗೊತ್ತಿದ್ದ ಔಷಧ ಒಂದೇ ಒಂದು, ಎಣ್ಣೆ ಬಿಡುವುದು. ಭಾವ ಅಂದರೆ ನನ್ನ ಅಕ್ಕನ ಗಂಡ. ಹೊಲಿಗೆ ಯಂತ್ರ ರಿಪೇರಿ ಅವರ ಕಸುಬು. ಮೂರು ಮಹಡಿ ಕಟ್ಟಡದ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ಬಡಿಯುವಂಥ ಜಾಗದಲ್ಲಿ ಅವರ ಅಂಗಡಿ, ಪಕ್ಕದಲ್ಲೇ ಮನೆ. ಹೊಟ್ಟೆ ಬಿಚ್ಚಿಟ್ಟ ನಾಲ್ಕು ಯಂತ್ರ, ಡಬ್ಬಿ ತುಂಬ ಮುರಿದ ಸೂಜಿ, ಮೊಳೆಗೆ ನೇತುಹಾಕಿದ ಬೆಲ್ಟುಗಳು, ಮತ್ತು ಅಂಗಿ ಜೇಬಿನಲ್ಲಿ ಸದಾ ಉದ್ದ ಮೂಗಿನ ಒಂದು ಎಣ್ಣೆ ಡಬ್ಬಿ. ಯಂತ್ರ ಕಟಕಟ ಅಂದರೂ "ಎಣ್ಣೆ ಬಿಡೋಣ", ದಾರ ಕಡಿದರೂ "ಎಣ್ಣೆ ಬಿಡೋಣ". ಪಕ್ಕದ ಮನೆಯ ಅಜ್ಜಿ ಮಂಡಿನೋವು ಅಂತ ನರಳುತ್ತಿದ್ದಾಗ ಈ ಮಹಾನುಭಾವರ ಕೈ ತನ್ನಷ್ಟಕ್ಕೆ ತಾನೇ ಜೇಬಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಎಣ್ಣೆಯೂ ಅವರಿಗೆ ಬೇಕಿತ್ತು. ಅದೇ, ಬಾಟಲಿಯಲ್ಲಿ ಬಂದು ಗಂಟಲಲ್ಲಿ ಇಳಿಯುವುದು. ಬ್ರಾಂದಿ ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ನಮ್ಮ ಜನ ಅದಕ್ಕೂ ಎಣ್ಣೆ ಅಂತಲೇ ಹೆಸರಿಟ್ಟುಬಿಟ್ಟಿದ್ದಾರಲ್ಲ! ಬೀದಿಯವರೆಲ್ಲ ಭಾವನನ್ನು 'ಎಣ್ಣೆ ಮೇಷ್ಟ್ರು' ಎಂದು ಕರೆಯುತ್ತಿದ್ದರು. ಯಾವ ಎಣ್ಣೆ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ.

ಹಾಗಂತ ಅವರು ದೇವರನ್ನು ಮರೆತವರಲ್ಲ. ಅಯ್ಯೋ, ಅವರ ಭಕ್ತಿಯ ಕಾಟ ಸಹಿಸಿದವರಿಗೇ ಗೊತ್ತು. ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನ ಮಾಡಿ, ದೇವರ ಗೂಡಿನ ಮುಂದೆ ಕೂತು ಸ್ತುತಿ ಹಾಡಲು ಶುರುಮಾಡಿದರೆ ಮೇಲಿನ ಮಹಡಿಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಸಂಜೆ ಏಳಕ್ಕೆ ಅದೇ ಗೂಡಿನ ಪರದೆ ಎಳೆದು, ದಾರ ಸುತ್ತುವ ಬಾಬಿನ್‌ಗಳ ಡಬ್ಬಿಯ ಹಿಂದಿನಿಂದ ಬಾಟಲಿ ತೆಗೆಯುತ್ತಿದ್ದರು.

"ಪರದೆ ಎಳೆದ್ರೆ ದೇವರಿಗೆ ಕಾಣಿಸಲ್ವಾ ಭಾವ?" ಎಂದು ನಾನು ಕೇಳಿದ್ದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ.

"ಕಾಣಿಸದೆ ಏನಮ್ಮ. ಆದ್ರೆ ಅವನಿಗೂ ಮುಜುಗರ ಅನ್ನೋದು ಇರುತ್ತಲ್ಲ. ನಾವೇ ಅರ್ಥ ಮಾಡ್ಕೋಬೇಕು."

ಅಕ್ಕ ಅಡುಗೆಮನೆಯಿಂದಲೇ ಗುಡುಗುತ್ತಿದ್ದಳು. "ದೇವರ ಹೆಸರು ಹೇಳೋ ಬಾಯಿಗೇ ಆ ದರಿದ್ರ ಸುರ್ಕೋತೀರಲ್ರೀ!"

"ಇರೋದೊಂದೇ ಬಾಯಿ ಕಣೇ. ಇನ್ನೊಂದು ಕೊಟ್ಟಿದ್ದಿದ್ರೆ ಬೇರೆ ಬೇರೆ ಇಡ್ತಿದ್ದೆ."

ಇಪ್ಪತ್ತೆರಡು ವರ್ಷ ಇದೇ ಮಾತು, ಇದೇ ಉತ್ತರ. ಕುಡಿತ ಮತ್ತು ಭಕ್ತಿ ಒಂದೇ ಮನೆಯಲ್ಲಿ ಇರಬಾರದು ಎಂದು ಅಕ್ಕ. ಅವೆರಡಕ್ಕೂ ಬೇರೆ ಬೇರೆ ಸಮಯ ಕೊಟ್ಟಿದ್ದೇನಲ್ಲ ಎಂದು ಭಾವ. ಯಾರೂ ಸೋಲಲಿಲ್ಲ, ಯಾರೂ ಗೆಲ್ಲಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದಳು. ಆಸ್ಪತ್ರೆಗೆ ಒಯ್ದರೆ, ಒಳಗೆ ಅಪೆಂಡಿಕ್ಸ್ ಒಡೆದು ವಿಷವಾಗಿದೆ, ತಕ್ಷಣ ಆಪರೇಷನ್ ಆಗಬೇಕು, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು. ಅಕ್ಕ ಕಣ್ಣು ಮುಚ್ಚಿ ಗಾಲಿ ಮಂಚದ ಮೇಲೆ ಮಲಗಿದ್ದಳು. ನಾನು ಅವಳ ಚಪ್ಪಲಿಯನ್ನೂ ಕನ್ನಡಕವನ್ನೂ ಹಿಡಿದುಕೊಂಡು ಪಕ್ಕದಲ್ಲಿ ಓಡುತ್ತಿದ್ದೆ. ಆಪರೇಷನ್ ಕೋಣೆಯ ಬಾಗಿಲಲ್ಲಿ ಭಾವ ಮಂಚದ ಸರಳು ಹಿಡಿದು ನಿಂತುಬಿಟ್ಟರು. ನರ್ಸು ಬಿಡಿಸಲು ನೋಡಿದರೂ ಬಿಡಲಿಲ್ಲ. ಮೇಲೆ ಟ್ಯೂಬ್‌ಲೈಟಿನ ಕಡೆ ಮುಖ ಮಾಡಿ ಕೂಗಿದರು.

"ದೇವರೇ, ಇವಳೊಬ್ಬಳನ್ನ ಉಳಿಸಿಕೊಡಪ್ಪ! ಎಣ್ಣೆ ಬಿಡ್ತೀನಿ! ನಿನ್ನಾಣೆ, ಎಣ್ಣೆ ಬಿಡ್ತೀನಿ!"

ಅಕ್ಕ ಉಳಿದಳು. ಒಂಬತ್ತನೆಯ ದಿನ ಮನೆಗೆ ಬಂದವಳೇ ಪಾತ್ರೆ ಸರಿಯಾಗಿ ತೊಳೆದಿಲ್ಲ ಎಂದು ನನ್ನನ್ನು ಬೈದಳು. ಆಗ ನನಗೂ ಹೋದ ಜೀವ ಬಂತು.

ಹನ್ನೊಂದು ದಿನ ಭಾವ ಬಾಟಲಿ ಮುಟ್ಟಲಿಲ್ಲ. ಏಳು ಗಂಟೆಯಾದರೆ ಮನೆಯ ಒಂದೊಂದೇ ಬಾಗಿಲಿನ ಕೀಲಿಗೆ ಎಣ್ಣೆ ಹಾಕುತ್ತಾ ತಿರುಗುತ್ತಿದ್ದರು. ಹನ್ನೆರಡನೆಯ ದಿನ ಸಂಜೆ ಗೂಡಿನ ಪರದೆ ಎಳೆದದ್ದು ಅಕ್ಕನಿಗೆ ಕೇಳಿಸಿತು. ಆ ಪರದೆಯ ಬಳೆಗಳ ಸದ್ದು ಆ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ?

"ಆಸ್ಪತ್ರೇಲಿ ಎಣ್ಣೆ ಬಿಡ್ತೀನಿ ಅಂದ್ರಲ್ರೀ!"

ಭಾವ ಲೋಟ ಹಿಡಿದುಕೊಂಡೇ ಅಕ್ಕನ ಕಡೆ ತಿರುಗಿದರು. ಆಮೇಲೆ ಬಂದ ಮಾತು ನೋಡಿ!

"ಹೌದು ಕಣೇ, ಬಿಡ್ತೀನಿ. ಈ ಭಾನುವಾರವೇ ಹೋಗಿ ಪ್ರಾರ್ಥನಾ ಮಂದಿರದ ದೀಪಕ್ಕೆ ಎಣ್ಣೆ ಬಿಡ್ತೀನಿ. ನಾನು ಹರಸಿಕೊಂಡಿದ್ದು ಅದನ್ನೇ ತಾನೆ?"

ನಾನು ಅಲ್ಲೇ ಇದ್ದೆ. ನನಗೆ ನಗು ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ಆದರೆ ಅಕ್ಕ ನಗಲಿಲ್ಲ, ಬೈಯಲೂ ಇಲ್ಲ. ಅಡುಗೆಮನೆಗೆ ಹೋಗಿ ಹೊಲಿಗೆ ಹಾಕಿದ ಹೊಟ್ಟೆಯನ್ನು ಕೈಯಲ್ಲಿ ಒತ್ತಿಕೊಂಡು ನಿಂತು, ಹಿಂದೆಯೇ ಹೋದ ನನಗೆ ಹೇಳಿದಳು.

"ಅವತ್ತು ಬಾಗಿಲಲ್ಲಿ ನನಗೆ ಎಚ್ಚರ ಇತ್ತು ಕಣೇ. ಕಣ್ಣು ಮುಚ್ಚಿದ್ದೆ ಅಷ್ಟೆ. ನನಗೋಸ್ಕರ ಇವರು ಅಷ್ಟು ದೊಡ್ಡದನ್ನ ಬಿಡ್ತಾರಲ್ಲ ಅಂತ ಧೈರ್ಯವಾಗಿ ಒಳಗೆ ಹೋದೆ. ಈಗ ನೋಡಿದ್ರೆ ನನ್ನ ಜೀವಕ್ಕೆ ಇವರು ಕೊಟ್ಟಿದ್ದು ಒಂದು ಸೌಟು ದೀಪದೆಣ್ಣೆ."

ಅಂದಿನಿಂದ ಅವಳು ಗಂಡನ ಜೊತೆ ಮಾತು ಬಿಟ್ಟಳು. ನಾನು ನಕ್ಕದ್ದಕ್ಕೆ ನನಗೇ ಸಿಟ್ಟು ಬಂತು.

ಭಾವ ಮಾತ್ರ ಆಡಿದ ಮಾತಿಗೆ ತಪ್ಪಬಾರದು ಎಂದು ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಮಂದಿರಕ್ಕೆ ಹೋದರು. ನಮ್ಮ ಮಂದಿರದಲ್ಲಿ ಒಂದು ದೊಡ್ಡ ತೂಗುದೀಪವಿದೆ. ಇವರು ಅದಕ್ಕೆ ತುಂಬಾ ಎಣ್ಣೆ ಬಿಟ್ಟರು. ಅಡುಗೆಮನೆಗೆ ಹೋಗಿ ಅಕ್ಕನನ್ನು ಎಣ್ಣೆ ಕೇಳಲು ಮುಖವಿಲ್ಲವಲ್ಲ, ಅದಕ್ಕೆ ಅಂಗಡಿಯಿಂದ ತಂದಿದ್ದರು. ಅಂಗಡಿಯಲ್ಲಿ ಇರುವುದು ಯಾವ ಎಣ್ಣೆ? ಹೊಲಿಗೆ ಯಂತ್ರದ ಎಣ್ಣೆ!

ಬತ್ತಿ ಹಚ್ಚಿದ್ದೇ ತಡ, ಹೊಗೆ ಶುರುವಾಯಿತು. ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದವರು ಯಾರೂ ನೋಡಲಿಲ್ಲ. ಅರ್ಧ ಗಂಟೆಯ ಮೇಲೆ ಕಣ್ಣು ಬಿಟ್ಟರೆ ಎಲ್ಲರ ಮೂಗಿನ ಕೆಳಗೂ ಮಸಿ. ಹೆಂಗಸರಿಗೆಲ್ಲ ಮೀಸೆ ಬಂದಿತ್ತು. ಗಂಡಸರು ಬಿಳಿ ಮೀಸೆ ಕಪ್ಪಾಗಿ ಹತ್ತು ವರ್ಷ ಕಡಿಮೆ ಕಾಣುತ್ತಿದ್ದರು. ಒಬ್ಬ ಮುದುಕರಂತೂ ಕನ್ನಡಿ ನೋಡಿಕೊಂಡು, ದೇವರು ಕೊನೆಗೂ ಕಣ್ಣು ಬಿಟ್ಟ ಎಂದು ಒರೆಸಿಕೊಳ್ಳದೆ ಮನೆಗೆ ಹೋದರು.

ಮಂದಿರದ ಗುರುಗಳು ಭಾವನನ್ನು ಹಿಂದಿನ ಕೋಣೆಗೆ ಕರೆಸಿದರು. ಅಕ್ಕನೂ ನಾನೂ ಹಿಂದೆಯೇ ಹೋದೆವು. ಒಂದು ಮೇಜು, ಒಂದು ಕಬ್ಬಿಣದ ಬೀರು, ಕಟ್ಟು ಕಟ್ಟಿಟ್ಟ ಹಾಡಿನ ಪುಸ್ತಕಗಳು. ಅವುಗಳ ನಡುವೆ ಮಸಿ ಹಿಡಿದ ಹುಬ್ಬಿನ ಗುರುಗಳು. ಅವರು ಮೊದಲು ಶಾಲೆಯಲ್ಲಿ ವ್ಯಾಕರಣ ಹೇಳುತ್ತಿದ್ದವರು. ಮೇಷ್ಟ್ರ ಕೆಲಸ ಬಿಟ್ಟು ದೇವರ ಕೆಲಸಕ್ಕೆ ಬಂದರೂ ವ್ಯಾಕರಣ ಬಿಟ್ಟು ಬಂದಿರಲಿಲ್ಲ.

ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಗುರುಗಳು ಕರವಸ್ತ್ರದಿಂದ ಮೂಗು ಒರೆಸಿಕೊಂಡು ಕೇಳಿದರು.

"ನೀವು ಹೇಳಿದ ವಾಕ್ಯ ಯಾವುದಪ್ಪ? ಒಂದಕ್ಷರ ಬದಲಾಯಿಸದೆ ಹೇಳಿ."

"ಎಣ್ಣೆ ಬಿಡ್ತೀನಿ ಅಂದೆ ಗುರುಗಳೇ."

"'ದೀಪಕ್ಕೆ' ಅಂದ್ರಾ?"

"ಅವಸರದಲ್ಲಿ ಅದೊಂದು ಬಿಟ್ಟುಹೋಯ್ತು."

"ಅಲ್ಲೇ ಸಿಕ್ಕಿಬಿದ್ರಿ! ಎಣ್ಣೆ ಬಿಡಬೇಕಾದ್ರೆ ಎಲ್ಲಿಗೆ, ಯಾವುದಕ್ಕೆ ಅಂತ ಚತುರ್ಥಿ ವಿಭಕ್ತಿ ಬೇಕು. ಅದಿಲ್ಲದೆ ಬರೀ ಎಣ್ಣೆ ಬಿಡ್ತೀನಿ ಅಂದ್ರೆ ತ್ಯಾಗ ಅಂತಲೇ ಅರ್ಥ."

ಭಾವ ಸುಲಭಕ್ಕೆ ಸೋಲುವವರಲ್ಲ. "ಅದು ಹೇಗೆ ಗುರುಗಳೇ? ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದೆ ಅಂತಾರೆ. ಹಾಗಂದ್ರೆ ಕಣ್ಣು ಕುಡಿಯೋದು ಬಿಡ್ತು ಅಂತಾನಾ?"

"ಅಯ್ಯಾ, ಅಲ್ಲಿ 'ಕಣ್ಣಿಗೆ' ಇದೆಯಲ್ಲಯ್ಯ! ಅದೇ ಚತುರ್ಥಿ!" ಗುರುಗಳು ಖುಷಿಗೆ ಮೇಜು ಗುದ್ದಿದರು. ಮೇಜಿನಿಂದ ಮಸಿ ಎದ್ದಿತು.

"ಆದ್ರೂ ದೇವರು ವ್ಯಾಕರಣ ನೋಡ್ತಾನಾ?"

"ನೋಡದೆ ಏನು? ಅವನೇ ಅಲ್ವಾ ಮಾತು ಕೊಟ್ಟೋನು!"

ಇವರಿಬ್ಬರ ಪಾಠ ಕೇಳುತ್ತಾ ನನಗೆ ತಲೆ ಕೆಟ್ಟುಹೋಯಿತು. ಅಕ್ಕ ನೆಲ ನೋಡುತ್ತಾ ನಿಂತಿದ್ದಳು. ಇಲ್ಲಿ ಅವಳ ಜೀವದ ಮಾತು ನಡೆಯುತ್ತಿದೆ, ಇವರು ವಿಭಕ್ತಿ ಎಣಿಸುತ್ತಿದ್ದಾರಲ್ಲ!

ಭಾವ ಕೊನೆಯ ಬಾಣ ಬಿಟ್ಟರು. "ಅದೆಲ್ಲ ಇರಲಿ ಗುರುಗಳೇ. ಕುಡಿಯೋನು ದೇವರನ್ನ ನಂಬಬಾರದು ಅಂತ ಎಲ್ಲಾದ್ರೂ ಬರ್ದಿದೆಯಾ?"

"ಹಾಗೆ ಬರ್ದಿಲ್ಲಪ್ಪ. ಕುಡಿಬೇಡ ಅಂತ ಒಂದು ಕಡೆ ಬರ್ದಿದೆ. ಸುಳ್ಳು ಹೇಳಬೇಡ ಅಂತ ಪುಟಕ್ಕೊಂದು ಸಲ ಬರ್ದಿದೆ." ಗುರುಗಳು ಈಗ ನಗುತ್ತಿರಲಿಲ್ಲ. "ಕುಡಿದು ಬಂದೋನನ್ನ ನಾನು ಬಾಗಿಲಲ್ಲಿ ತಡೆಯಲ್ಲ. ಎಷ್ಟೋ ಜನ ಹಾಗೇ ಬರ್ತಾರೆ, ಹಿಂದಿನ ಸಾಲಲ್ಲಿ ಕೂತು ಅತ್ತು ಹೋಗ್ತಾರೆ. ವ್ಯಾಕರಣ ನಾನು ಹೇಳಿದೆ. ಅವತ್ತು ಮನಸ್ಸಲ್ಲಿದ್ದಿದ್ದು ಯಾವ ಎಣ್ಣೆ ಅನ್ನೋದನ್ನ ನೀವೇ ಹೇಳಬೇಕು."

ಭಾವ ತಲೆ ತಗ್ಗಿಸಿದರು. ಕೈ ಜೇಬಿಗೆ ಹೋಯಿತು, ಎಣ್ಣೆ ಡಬ್ಬಿ ಮುಟ್ಟಿ ವಾಪಸ್ ಬಂತು. ಗಂಡಸರು ಸುಳ್ಳಿಗೆ ಹುಡುಕಾಡಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಿಜಕ್ಕೆ ಇಷ್ಟು ತಡಕಾಡಿದ್ದನ್ನು ಅವತ್ತೇ ನೋಡಿದ್ದು.

"ಬಾಟಲಿ ಎಣ್ಣೆನೇ ಗುರುಗಳೇ," ಎಂದರು. "ದೀಪದ್ದೆಲ್ಲ ಆಮೇಲೆ ಹುಟ್ಟಿಸಿಕೊಂಡಿದ್ದು. ಹನ್ನೊಂದು ದಿನ ಬಿಟ್ಟೆ. ಕೈ ನಡುಗೋಕೆ ಶುರುವಾಯ್ತು, ಸೂಜಿಗೆ ದಾರ ಹೋಗ್ಲಿಲ್ಲ. ಹನ್ನೆರಡನೇ ದಿನ ಆಗಲೇ ಇಲ್ಲ, ಸೋತೆ. ಬಿಡ್ತೀನಿ ಅಂದು ಬಿಡದೇ ಹೋದ್ರೆ ದೇವರು ಕೊಟ್ಟಿದ್ದನ್ನ ವಾಪಸ್ ತಗೊಂಡುಬಿಡ್ತಾನೇನೋ ಅಂತ ಭಯ. ನಾನು ಹೇಳಿದ್ದು ದೀಪದೆಣ್ಣೆ ಅಂತ ನೂರು ಸಲ ಹೇಳಿದ್ರೆ ಅವನೂ ನಂಬ್ತಾನೆ ಅಂದ್ಕೊಂಡೆ. ಅವನು ನಂಬಿದ್ನೋ ಇಲ್ವೋ ಅಂತ ದಿನಾ ಇವಳು ಮಲಗಿದ ಮೇಲೆ ಮೂಗಿನ ಹತ್ರ ಬೆರಳಿಟ್ಟು ನೋಡ್ತೀನಿ. ಉಸಿರು ತಾಗಿದ ಮೇಲೇನೇ ನಾನು ಮಲಗೋದು."

ಗುರುಗಳು ವ್ಯಾಕರಣ ಬಿಟ್ಟು ತಮ್ಮ ಮಸಿ ಕರವಸ್ತ್ರವನ್ನೇ ಭಾವನ ಕಡೆ ಚಾಚಿದರು.

ಅಕ್ಕ ತಲೆಯೆತ್ತಿ ಗಂಡನನ್ನು ದಿಟ್ಟಿಸಿ ನೋಡಿದಳು. ಐದು ದಿನದ ಮೇಲೆ ಮೊದಲ ಸಲ ಮಾತಾಡಿದಳು.

"ಅದು ನೀವಾ? ನಾನು ಸೊಳ್ಳೆ ಅಂದ್ಕೊಂಡಿದ್ದೆ! ದಿನಾ ಬತ್ತಿ ಹಚ್ಚಿಡ್ತಿದ್ದೆನಲ್ರೀ!"

ನಾನು ನಕ್ಕೆ, ಗುರುಗಳು ನಕ್ಕರು, ಭಾವ ನಗಲು ಹೋಗಿ ಗಳಗಳ ಅತ್ತುಬಿಟ್ಟರು. ಅಕ್ಕ ಸೆರಗಿನ ತುದಿಯಿಂದ ಅವರ ಮೂಗಿನ ಮಸಿ ಒರೆಸಿದಳು. ಒರೆಸಿದಷ್ಟೂ ಅದು ಕೆನ್ನೆಗೆ ಹರಡಿತು.

"ಇನ್ನೊಂದ್ಸಲ ಬಿಡೋಕೆ ನೋಡ್ತೀನಿ ಕಣೇ," ಎಂದರು ಭಾವ. "ಆದ್ರೆ ಆಣೆ ಮಾತ್ರ ಹಾಕಿಸ್ಬೇಡ. ಮತ್ತೆ ಸೋತ್ರೆ?"

"ಸೋತ್ರೆ ನಾನೇನೂ ಸಾಯಲ್ಲ ರೀ. ಬಯ್ತೀನಿ, ಅಷ್ಟೆ."

ಆಮೇಲೆ ಆಸ್ಪತ್ರೆಗೆ ಹೋಗಿ ಕೈ ನಡುಕಕ್ಕೆ ಮಾತ್ರೆ ಬರೆಸಿಕೊಂಡು ಬಂದರು. ಆದರೂ ಎರಡು ಸಲ ಜಾರಿದರು, ನಾನು ಸುಳ್ಳು ಹೇಳುವುದಿಲ್ಲ. ಎರಡು ಸಲವೂ ಅಕ್ಕ ಬೆಳಿಗ್ಗೆ ಐದಕ್ಕೇ ಎದ್ದು, ಮೇಲಿನ ಮಹಡಿಯವರು ಮತ್ತೆ ಕಿಟಕಿ ಮುಚ್ಚಿಕೊಳ್ಳುವಂತೆ, ಗಂಡನ ಏಳು ತಲೆಮಾರನ್ನೂ ಜಾಲಾಡಿದಳು. ಎರಡನೆಯ ಸಲ ನಾನು ಪಕ್ಕದಲ್ಲೇ ಇದ್ದೆ. ಭಾವ ತಲೆ ತಗ್ಗಿಸಿ ಕೂತು ಒಂದೊಂದು ಬೈಗುಳವನ್ನೂ ಕೇಳುತ್ತಿದ್ದರು.

"ನಾಚಿಕೆ ಆಗಲ್ವಾ ಭಾವ?" ಎಂದು ಮೆಲ್ಲಗೆ ಕೇಳಿದೆ.

"ಆಗುತ್ತಮ್ಮ," ಎಂದರು. ಕಣ್ಣೊರೆಸಿಕೊಂಡು ಅಕ್ಕನ ಕಡೆ ನೋಡಿದರು. "ಆದ್ರೆ ಉಸಿರು ಎಷ್ಟು ಗಟ್ಟಿ ಇದೆ ನೋಡು."