ಗೋರಿ ದಿಬ್ಬದ ಹೆಸರುಗಳು

ಸುಂಬಿಂಗ್ ಬೆಟ್ಟದ ಬುಡದ ಕೆಡುಂಗ್‌ಸರಿಯಲ್ಲಿ ಪಾಕ್ ಜುಮಿಂಗಾನ್ ದುವಾ ಓದದೆ ಯಾರೂ ಅನ್ನಕ್ಕೆ ಕೈಹಾಕುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಅವರೇ ಊರಿನ ಮೊದಿನ್, ಮದುವೆಗೂ ಮಣ್ಣಿಗೂ ದುವಾ ಓದುವ ಹಿರಿಯರು. ಮಗು ಹುಟ್ಟಲಿ, ಮನೆ ಎದ್ದು ನಿಲ್ಲಲಿ, ಯಾರಾದರೂ ಸಾಯಲಿ, ನೆರೆಯ ಗಂಡಸರೆಲ್ಲ ಚಾಪೆಯ ಮೇಲೆ ಸುತ್ತ ಕೂರುವರು. ನಡುವೆ ಗೋಪುರದಂತೆ ಒತ್ತಿದ ಅನ್ನ, ಪಕ್ಕದಲ್ಲಿ ಇಡೀ ಬೇಯಿಸಿದ ಕೋಳಿ. ಜುಮಿಂಗಾನ್ ದುವಾ ಮುಗಿಸಿ ಅಂಗೈಯಿಂದ ಮುಖ ಸವರಿಕೊಂಡ ಮೇಲೆಯೇ ಊಟ ಹಂಚುವುದು.

"ಪಾಕ್ ಮೊದಿನ್, ಇವತ್ತು ಅಡ್ಡದಾರೀಲಿ ಸ್ವರ್ಗಕ್ಕೆ ಹೋಗಿಬಿಡೋಣ, ಹೊಟ್ಟೆ ಚುರುಗುಟ್ತಾ ಇದೆ" ಎಂದು ಗೆಳೆಯರು ಕಿಚಾಯಿಸುವರು.

"ಅಡ್ಡದಾರಿ ಹಿಡಿದೋರಿಗೆ ಕೋಳಿ ಕಾಲು ಸಿಗಲ್ಲ ಕಣಯ್ಯಾ, ಬರೀ ಕತ್ತು!" ಎನ್ನುವರು ಜುಮಿಂಗಾನ್.

ರಂಜಾನ್ ಉಪವಾಸಕ್ಕೆ ಮುಂಚಿನ ರುವಾ ತಿಂಗಳಲ್ಲಿ ಊರೆಲ್ಲ ಗೋರಿ ದಿಬ್ಬಕ್ಕೆ ಹೋಗಿ, ಗೋರಿಗಳನ್ನು ಗುಡಿಸಿ, ಹಿರಿಯರ ಹೆಸರಲ್ಲಿ ಒಟ್ಟಿಗೆ ಉಣ್ಣುತ್ತಿತ್ತು. ಆ ದಿನ ಜುಮಿಂಗಾನ್ ಸತ್ತವರ ಹೆಸರುಗಳನ್ನೆಲ್ಲ ಮನೆಮನೆಯ ಕ್ರಮದಲ್ಲಿ, ಕಾಗದ ನೋಡದೆ ಹೇಳುತ್ತಿದ್ದರು. ನೂರಕ್ಕೂ ಹೆಚ್ಚು ಹೆಸರು. ತಮ್ಮ ಮನೆಯ ಹೆಸರು ಬಂದಾಗ ಹೆಂಗಸರು ಸೆರಗಿನಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಅವರ ಹೆಂಡತಿ ವಾಸಿರಾಳಿಗೆ ಮೊದಲು ಅನುಮಾನ ಬಂದದ್ದು ಒಂದು ವರ್ಷ ರಂಜಾನ್ ಹಬ್ಬ ಕಳೆದು ಸ್ವಲ್ಪ ದಿನಕ್ಕೆ. ಮಧ್ಯಾಹ್ನದ ನಮಾಜಿಗೆಂದು ಹೋಗಿ ಬಂದವರು ಕಾಲು ತೊಳೆದು ಮತ್ತೆ ಅದೇ ನಮಾಜಿಗೆ ಹೊರಟರು. ಅದೇ ದಿನ ಮೂರನೆಯ ಸಲವೂ ಹೊರಟಾಗ ಅವಳು ಬಾಗಿಲಿಗೆ ಅಡ್ಡ ನಿಂತಳು. "ಯಾಕೆ ತಡೀತೀಯ? ಹೊತ್ತಾಗ್ತಾ ಇದೆ" ಎಂದು ರೇಗಿದರು.

ಆಮೇಲೆ ನೆರೆಮನೆಯ ಕಾರ್ಸಿಯ ಗಂಡ ತೀರಿಕೊಂಡ ಏಳನೆಯ ದಿನದ ಊಟ. ಜುಮಿಂಗಾನ್ ದುವಾದ ನಡುವೆ ತಡವರಿಸಿ ನಿಂತರು. ಸತ್ತವನ ಹೆಸರೇ ಬಾಯಿಗೆ ಬರಲೊಲ್ಲದು. ಬಿದಿರು ತಟ್ಟಿಯ ಆಚೆ ಅಡುಗೆಮನೆಯಲ್ಲಿದ್ದ ವಾಸಿರಾ ಬೇಕೆಂದೇ ದನಿ ಎತ್ತಿದಳು: "ಕಾರ್ಸೀ, ಪಾಕ್ ಪಾರ್ಜಾನ್ ಹೆಸರಲ್ಲಿ ಒಂದು ಎಲೆ ತೆಗೆದಿಟ್ಟೆಯಾ?" ಒಳಗೆ ದುವಾ ಮುಂದುವರಿಯಿತು. ಅಂದಿನಿಂದ ಯಾರ ಮನೆಯ ಊಟವಿದ್ದರೂ ವಾಸಿರಾ ಅಡುಗೆಗೆ ಹೋಗಿ ತಟ್ಟಿಯ ಪಕ್ಕವೇ ಕೂತಳು. ಹೆಸರುಗಳನ್ನು ಒಲೆಗೂ ಪಾತ್ರೆಗೂ ಹೇಳುವವಳ ಹಾಗೆ ಹೇಳಿದಳು. ಊರಿನ ಹೆಂಗಸರಿಗೆ ಗೊತ್ತಾಗಿತ್ತು. ಯಾರೂ ಕೇಳಲಿಲ್ಲ, ಬದಲಿಗೆ ಅವಳು ಬಂದ ಕೂಡಲೇ ಆ ಜಾಗ ಬಿಟ್ಟುಕೊಡತೊಡಗಿದರು.

ಆದರೆ ಗೋರಿ ದಿಬ್ಬದಲ್ಲಿ ತಟ್ಟಿ ಎಲ್ಲಿಯದು? ಗಂಡಸರು ಮುಂದೆ, ಹೆಂಗಸರು ದೂರ ಹಿಂದೆ. ರುವಾ ತಿಂಗಳು ಹುಟ್ಟಿದ್ದೇ ವಾಸಿರಾ ಊರ ಮುಖಂಡ ಬಂದಿಯೋನ ಮನೆಗೆ ಹೋದಳು.

"ಈ ಸಲ ಹೆಸರು ಓದೋಕೆ ಮಾಹ್‌ಫುದ್‌ಗೆ ಹೇಳಪ್ಪಾ. ಓದಿದ ಹುಡುಗ. ನಮ್ಮೋರಿಗೆ ಆಯಾಸ."

ಬಂದಿಯೋ ನೆಲ ನೋಡುತ್ತ ನಕ್ಕ. ಹಿರಿಯ ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎನ್ನುವುದು ಊರಿನ ಮರ್ಯಾದೆ. "ಬು, ನನ್ನ ಮದುವೆ ಮಾಡಿಸಿದ್ದು ಅವರು, ನಮ್ಮಪ್ಪನ್ನ ಮಣ್ಣು ಮಾಡಿದ್ದು ಅವರು. ನಾನು ಯಾವ ಬಾಯಲ್ಲಿ ಹೇಳ್ಲಿ? ನೀವೇ ಒಂದು ಮಾತು..."

ಅವಳು ಆಗಲೇ ಹೇಳಿ ಸೋತಿದ್ದಳು. "ನಾನೇನು ಸತ್ತಿದ್ದೀನಾ?" ಎಂದಷ್ಟೇ ಕೇಳಿ ಜುಮಿಂಗಾನ್ ಎರಡು ದಿನ ಮಾತು ಬಿಟ್ಟಿದ್ದರು. ಕೊನೆಗೆ ಅವಳು ಸೊಸೆಯ ಕೈಲಿ ಹೆಸರುಗಳನ್ನೆಲ್ಲ ಬರೆಸಿ, ಕಾಗದ ಮಡಿಸಿ ಗಂಡನ ಅಂಗಿಯ ಜೇಬಿಗೆ ಹಾಕಿದಳು. ಅವರು ಅದನ್ನು ತೆಗೆದು, ಮಡಿಕೆ ಬಿಚ್ಚದೆ, ಕಿಟಕಿಯ ಮೇಲಿಟ್ಟರು.

ದಿಬ್ಬಕ್ಕೆ ಹೋಗುವ ದಿನ ಬೆಳಗ್ಗೆ ಮನೆಮನೆಯಲ್ಲೂ ಅಕ್ಕಿಹಿಟ್ಟಿನ ಅಪೆಮ್ ಬೆಂದವು. ಅಂಟಕ್ಕಿ ಅನ್ನ, ಬೆಲ್ಲ ತೆಂಗಿನಹಾಲಿನಲ್ಲಿ ಬೇಯಿಸಿದ ಬಾಳೆಹಣ್ಣು, ಕೋಳಿ, ಎಲ್ಲ ದುಂಡು ಬಿದಿರು ಬುಟ್ಟಿಗಳಲ್ಲಿ ದಿಬ್ಬ ಹತ್ತಿದವು. ದೇವಕಣಗಿಲೆ ಮರಗಳ ಕೆಳಗೆ ಚಾಪೆ ಹಾಸಿದರು. ಜುಮಿಂಗಾನ್ ಕರಿ ಟೋಪಿ ಸರಿಮಾಡಿಕೊಂಡು ಶುರುಮಾಡಿದರು. ಸ್ವರ ಗಟ್ಟಿಯಾಗಿತ್ತು. ಮೊದಲ ಮನೆ, ಎರಡನೆಯದು, ಬಾವಿಯ ಪಕ್ಕದ್ದು. ವಾಸಿರಾ ತುಟಿಯಾಡಿಸುತ್ತ ಜೊತೆಗೇ ಹೋದಳು. ಮೂವತ್ತು ದಾಟಿತು, ನಲವತ್ತಾಯಿತು. ಅವಳ ಭುಜ ಸಡಿಲಾಯಿತು.

ಅಷ್ಟರಲ್ಲಿ ಜುಮಿಂಗಾನ್ ಮತ್ತೆ ಮೊದಲ ಮನೆಗೆ ಬಂದರು.

ಜನ "ಆಮೀನ್" ಎಂದರು. ಎರಡನೆಯ ಸುತ್ತೂ ಅದೇ ಜಾಗಕ್ಕೆ ಬಂದು ಹಿಂದೆ ಹೊರಳಿತು. ಆಮೀನ್. ಮೂರನೆಯ ಸುತ್ತು. ಬಿಸಿಲು ಚಾಪೆಯ ಮೇಲೆ ಬಂತು, ಬುಟ್ಟಿಗಳಿಗೆ ನೊಣ ಮುತ್ತಿದವು, ಒಂದು ಮಗು ಅಪೆಮ್ ಬೇಕೆಂದು ಅತ್ತಿತು, ತಾಯಿ ಅದರ ಬಾಯಿಗೆ ಮೊಲೆ ಕೊಟ್ಟಳು. ಬಂದಿಯೋ ತೊಡೆಯ ಮೇಲಿನ ತನ್ನ ಕೈಗಳನ್ನೇ ನೋಡುತ್ತಿದ್ದ. ಮುನ್ನೂರು ಜನರಲ್ಲಿ ಒಬ್ಬರಿಗೂ ಆ ಮುದುಕರ ಮಾತು ತಡೆಯಲು ಬಾಯಿ ಬರಲಿಲ್ಲ. ವಾಸಿರಾಳಿಗೂ ಬರಲಿಲ್ಲ. ಮುಂದಿನ ಹೆಸರು ಅವಳ ನಾಲಿಗೆಯ ತುದಿಯಲ್ಲಿತ್ತು. ಕೂಗಿದರೆ ಊರೆದುರು ಗಂಡನ ಮಾನ ಹೋಗುತ್ತದೆ, ಸುಮ್ಮನಿದ್ದರೂ ಹೋಗುತ್ತದೆ.

ನಾಲ್ಕನೆಯ ಸುತ್ತಿನಲ್ಲಿ ಜುಮಿಂಗಾನ್ ತಡವರಿಸಿದರು. ಏನನ್ನೋ ಹುಡುಕುವವರಂತೆ ಗೋರಿಗಳ ಕಡೆ ನೋಡಿದರು. ಆಮೇಲೆ ಸ್ಪಷ್ಟವಾಗಿ ಹೇಳಿದರು: "ವಾಸಿರಾ. ಜುಮಿಂಗಾನನ ಹೆಂಡತಿ."

ಅಭ್ಯಾಸಬಲದಿಂದ ನಾಲ್ಕಾರು ಜನ "ಆಮೀನ್" ಎಂದುಬಿಟ್ಟರು.

ಕಾರ್ಸಿ ವಾಸಿರಾಳ ಮಣಿಕಟ್ಟು ಹಿಡಿದಳು. ಮುಂದೆ ಜುಮಿಂಗಾನ್ ಅಳತೊಡಗಿದ್ದರು. ತಾಯಿ ಸತ್ತಾಗಲೂ ಜನರೆದುರು ಅಳದವರು ಭುಜ ಕುಲುಕಿಸಿ ಅಳುತ್ತಿದ್ದರು. ವಾಸಿರಾ ಕೈ ಬಿಡಿಸಿಕೊಂಡು ಎದ್ದಳು. ಗಂಡಸರ ಸಾಲುಗಳ ನಡುವೆ ನಡೆದುಹೋದಳು. ಅವರು ಮೊಣಕಾಲು ಸರಿಸಿ ದಾರಿ ಬಿಟ್ಟರು. ಗಂಡನೆದುರು ಕುಕ್ಕರುಗಾಲಲ್ಲಿ ಕೂತು, ಮನೆಯಲ್ಲಿ ಕರೆಯುವ ಹಾಗೆಯೇ ಕರೆದಳು.

"ಪಾಕ್‌ನೆ, ಇಲ್ನೋಡಿ. ನಾನು ಇಲ್ಲೇ ಇದ್ದೀನಲ್ಲಾ."

ಅವರು ಕಣ್ಣೊರೆಸಿಕೊಂಡು ಅವಳನ್ನು ನೋಡಿದರು. ಪರಸ್ಥಳದ ಅತಿಥಿಯೊಡನೆ ಆಡುವಷ್ಟು ಮರ್ಯಾದೆಯ ದನಿಯಲ್ಲಿ ಹೇಳಿದರು: "ಬು, ತಪ್ಪು ತಿಳ್ಕೋಬೇಡಿ. ಹೆಂಗಸರಿಗೆ ಆ ಕಡೆ ಜಾಗ ಇದೆ. ದುವಾ ಇನ್ನೂ ಮುಗಿದಿಲ್ಲ."

ಅವಳಿಗೆ ಎದ್ದು ಹಿಂದಿರುಗುವುದು ಹೇಗೆಂದು ತಿಳಿಯಲಿಲ್ಲ. ಕೂತಲ್ಲೇ ಕೂತಳು. ಆಗ ಹಿಂದಿನ ಸಾಲಿನಿಂದ ಮಾಹ್‌ಫುದ್ ಎತ್ತರದ ದನಿಯಲ್ಲಿ, ಎಲ್ಲರಿಗೂ ಬಾಯಿಪಾಠವಾದ ಫಾತಿಹಾ ಶುರುಮಾಡಿದ. ಇಡೀ ದಿಬ್ಬ ಉಸಿರು ಬಿಟ್ಟಂತೆ ಜೊತೆಗೂಡಿತು. ಜುಮಿಂಗಾನರೂ ಸೇರಿಕೊಂಡರು. ಅದರಲ್ಲಿ ಒಂದಕ್ಷರವೂ ತಪ್ಪಲಿಲ್ಲ.

ಊಟ ಹಂಚಿದರು. ಕೋಳಿಯ ಎರಡೂ ಕಾಲು ಜುಮಿಂಗಾನರ ಎಲೆಗೇ ಬಂದವು. ಉಪವಾಸ ಮುಗಿದ ಹಬ್ಬದಿಂದ ಊರಿನ ದುವಾಗಳೆಲ್ಲ ಮಾಹ್‌ಫುದ್‌ನ ಪಾಲಾದವು. ಅದನ್ನು ಯಾರು ತೀರ್ಮಾನಿಸಿದರೋ, ವಾಸಿರಾಳಿಗೆ ಯಾರೂ ಹೇಳಲಿಲ್ಲ. ಯಾರ ಮನೆಯಲ್ಲಿ ಊಟವಾದರೂ ಮೊದಲ ಬುಟ್ಟಿ ಮಾತ್ರ ಜುಮಿಂಗಾನರ ಮನೆಗೆ ತಪ್ಪದೆ ಬಂತು. ಸಂಜೆಯ ಅಸರ್ ನಮಾಜ್ ಆದ ಮೇಲೆ ಜುಮಿಂಗಾನ್ ಒಗೆದ ಲುಂಗಿ ಉಟ್ಟು, ಟೋಪಿ ಹಾಕಿ ಜಗಲಿಯಲ್ಲಿ ಕಾಯುವರು.

"ಕರೆಯೋಕೆ ಬರಲಿಲ್ವಲ್ಲ?"

"ಇವತ್ತು ಯಾರ ಮನೇಲೂ ಇಲ್ಲವಂತೆ" ಎನ್ನುವಳು ವಾಸಿರಾ. ಎದುರುಮನೆಯಲ್ಲಿ ಚಾಪೆ ಹಾಸುತ್ತಿದ್ದದ್ದು ಜಗಲಿಯಿಂದಲೇ ಕಾಣುತ್ತಿತ್ತು.

ಮುಂದಿನ ರುವಾ ಬಂದಾಗ ಅವಳು ದಿಬ್ಬಕ್ಕೆ ಹೋಗಲಿಲ್ಲ. ಸೊಸೆ ಬುಟ್ಟಿ ಹೊತ್ತು ಹೋದಳು. ಇವಳು ಅಪೆಮ್ ಮುರಿದು ಚೂರುಚೂರಾಗಿ ಗಂಡನಿಗೆ ತಿನ್ನಿಸುತ್ತಿದ್ದಳು. ಅವರು ಎರಡು ತುತ್ತು ತಿಂದು ಮುಖ ಹಿಂದೆ ಸರಿಸಿದರು.

"ನೀವೂ ತಿನ್ನಿ ಬು. ಹೊತ್ತಾಯ್ತು, ನಿಮ್ಮ ಮನೆಯೋರು ಕಾಯ್ತಾ ಇರಬೇಕು."

"ಹೋಗ್ತೀನಿ" ಎಂದಳು ವಾಸಿರಾ, "ನಿಮ್ಮದು ಮುಗೀಲಿ."