ದಾರಕ್ಕೆ ಸಿಗದ ವಯಸ್ಸು

ಭೂಮಿಯ ಈ ದಕ್ಷಿಣ ಭಾಗದಲ್ಲಿ ಜೂನ್ ಎಂದರೆ ಚಳಿಗಾಲ. ಬೆಳಗಿನ ಆರು ಗಂಟೆ. ರಾಕ್‌ಹ್ಯಾಂಪ್ಟನ್ ಊರಿನ ಅಂಚಿನ ತಗಡಿನ ಶೆಡ್ಡಿನೊಳಗೆ ನೋಲಾ ಟ್ರ್ಯಾಂಟರ್ ಹಾವೊಂದನ್ನು ತೊಡೆಯ ಮೇಲೆ ಹರಿಯಲು ಬಿಟ್ಟುಕೊಂಡು ಕೂತಿದ್ದಾರೆ. ಎಡಗೈಯಲ್ಲಿ ಹಾವು, ಬಲಗೈಯಲ್ಲಿ ಬಿಳಿ ದಾರ. ಹಾವು ನೆಟ್ಟಗೆ ಮಲಗಿ ಅಳತೆ ಕೊಡುವ ಪ್ರಾಣಿಯಲ್ಲ. ಅದು ಬಳುಕಿದಂತೆ ದಾರವೂ ಬಳುಕಬೇಕು. ಮೂತಿಯಿಂದ ಬಾಲದ ತುದಿಯವರೆಗೆ ಬೆನ್ನುದ್ದಕ್ಕೂ ದಾರ ಹಾಯಿಸಿ, ಕೊನೆಯನ್ನು ಬೆರಳಲ್ಲಿ ಚಿವುಟಿ ಹಿಡಿದು, ಅದನ್ನು ಮೇಜಿಗೆ ಬಡಿದಿರುವ ಅಳತೆಪಟ್ಟಿಯ ಮೇಲೆ ಇಡುತ್ತಾರೆ. ನೂರ ಎಪ್ಪತ್ತೆರಡು ಸೆಂಟಿಮೀಟರ್.

ಬಾಗಿಲ ಹೊರಗೆ ಎಪ್ಪತ್ತನಾಲ್ಕರ ಡೆಸ್ ಹ್ಯಾಲೊರನ್ ಕಾಯುತ್ತಿದ್ದಾರೆ. ಹಾವು ಅವರದು. ಹೆಸರು ಪೆನ್ನಿ, ಮೈಮೇಲೆ ರತ್ನಗಂಬಳಿಯ ಚಿತ್ತಾರವಿರುವ ಹೆಣ್ಣು ಹೆಬ್ಬಾವು. ಅದು ಮೊಟ್ಟೆಯಿಡುವಷ್ಟು ಬಲಿತಿದೆಯೇ, ಈ ಚಳಿಗಾಲದಲ್ಲೇ ಗಂಡಿನ ಜೊತೆ ಬಿಡಬಹುದೇ ಎಂದು ನೋಲಾ ಹೇಳಬೇಕು. ಡೆಸ್ ಅವರ ಹೃದಯ ಇನ್ನೊಂದು ಚಳಿಗಾಲ ಕಾಣುತ್ತದೆ ಎಂದು ಡಾಕ್ಟರು ಹೇಳಿಲ್ಲ. ಕಾಣುವುದಿಲ್ಲ ಎಂದೂ ಹೇಳಿಲ್ಲ.

"ಎಷ್ಟು ಬಂತೇ?" ಹೊರಗಿನಿಂದ ಕೂಗು.

"ಸುಮ್ನೆ ಚಹಾ ಕುಡಿಯೋ ಮುದುಕ. ಇನ್ನೂ ತೂಕ ಹಾಕಿಲ್ಲ."

ನೋಲಾಗೆ ಈಗ ಅರವತ್ತಮೂರು. ಹದಿನೆಂಟು ವರ್ಷ ಆಸ್ಪತ್ರೆಯ ಬಟ್ಟೆ ಒಗೆದವರು. ಈಗ ಮಧ್ಯಾಹ್ನ ಶಾಲೆಯೊಂದರ ನೆಲ ಒರೆಸುತ್ತಾರೆ; ಬೆಳಗಿನ ನಾಲ್ಕು ತಾಸು ಈ ಶೆಡ್ಡಿಗೆ, ಸಂಬಳವಿಲ್ಲದೆ. ಸಾಕಿದವರು ಬೇಡವೆಂದು ಬಿಟ್ಟ ಹಾವುಗಳು ಇಲ್ಲಿಗೆ ಬರುತ್ತವೆ. ಮನೆ ಬದಲಾಯಿಸಿದವರು, ಮಗು ಹುಟ್ಟಿದವರು, ಸುಮ್ಮನೆ ಬೇಸರ ಬಂದವರು ದಿಂಬಿನ ಚೀಲದಲ್ಲಿ ಕಟ್ಟಿ ಬಾಗಿಲಲ್ಲಿಟ್ಟು ಹೋಗುತ್ತಾರೆ. ಇಂದಿಗೆ ಮೂವತ್ತೆಂಟು ಡಬ್ಬಗಳು ತುಂಬಿವೆ. ವಾರಕ್ಕೆ ಮೂರೋ ನಾಲ್ಕೋ ಹೊಸಬರು. ಫ್ರೀಜರಿನಿಂದ ತೆಗೆದು ಕರಗಿಸಿ ಬೆಚ್ಚಗೆ ಮಾಡಿ ಕೊಡಬೇಕಾದ ಇಲಿಗಳು ಮೂವತ್ತರ ಮೇಲೆ.

ಪ್ರತಿ ಹಾವಿನ ಕಾಗದದಲ್ಲೂ "ಅಂದಾಜು ವಯಸ್ಸು" ಎಂಬ ಖಾಲಿ ಜಾಗವಿರುತ್ತದೆ. ಅದನ್ನು ತುಂಬುವುದು ನೋಲಾ ಒಬ್ಬರೇ. ಎಳೆಯದಾದರೆ ಇನ್ನೂ ಇಪ್ಪತ್ತು ವರ್ಷ ಸಾಕುತ್ತೇವೆನ್ನುವ ಮನೆಗೆ, ಬಲಿತಿದ್ದರೆ ಮರಿ ಮಾಡಿಸುವವರಿಗೆ, ಮುದಿಯಾಗಿದ್ದರೆ ಸದ್ದಿಲ್ಲದ ಮನೆಗೆ. ಆ ಒಂದು ಅಂಕಿಯಲ್ಲಿ ಹಾವಿನ ಬಾಳೆಲ್ಲ ಇದೆ.

"ಉದ್ದ ನೋಡಿ ವಯಸ್ಸು ಹೇಳ್ತೀನಿ ಅನ್ನೋರನ್ನ ಕಂಡ್ರೆ ನಗು ಬರುತ್ತೆ ನಂಗೆ," ಎನ್ನುತ್ತಾರೆ ನೋಲಾ, ಎದುರಿಗೆ ಕೂತು ನೋಡುತ್ತಿರುವ ನನಗೆ. "ಒಂದೇ ದಿನ ಮೊಟ್ಟೆಯೊಡೆದು ಬಂದ ಅಕ್ಕತಂಗೀರು ಅಂತಿಟ್ಕೊ. ಒಂದಕ್ಕೆ ವಾರವಾರ ಇಲಿ, ಇನ್ನೊಂದಕ್ಕೆ ತಿಂಗಳಿಗೊಂದು. ಎರಡು ವರ್ಷ ಬಿಟ್ಟು ಬಂದು ನೋಡು, ಒಂದು ತಾಯಿ, ಒಂದು ಮಗು ಅಂತೀಯ."

ಹಾಗಾದರೆ ಏನನ್ನು ನೋಡಬೇಕು?

"ತಲೆ. ತಿಂದಿದ್ದು ಮೈಗೆ ಹೋಗುತ್ತೆ, ತಲೆಗೆ ಹೋಗಲ್ಲ. ತಲೆ ತನ್ನ ಪಾಡಿಗೆ ನಿಧಾನವಾಗಿ ಬೆಳೆಯುತ್ತೆ. ದಪ್ಪ ಮೈಗೆ ಪುಟ್ಟ ತಲೆ ಕಂಡ್ರೆ ಅದಿನ್ನೂ ಕೂಸು, ಯಾರೋ ತುರುಕಿ ತುರುಕಿ ದೊಡ್ಡದು ಮಾಡಿದಾರೆ. ಸಣಕಲು ಮೈಗೆ ದೊಡ್ಡ ತಲೆ ಇದ್ರೆ, ಪಾಪ, ವಯಸ್ಸಾಗಿದೆ, ಊಟ ಕಂಡಿಲ್ಲ."

ನನ್ನ ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಹಾವಿಗೆ ಎಷ್ಟು ವಯಸ್ಸೋ ಅಷ್ಟು ಉದ್ದ. ಏಳು ಕೊಪ್ಪರಿಗೆ ಹೊನ್ನು ಕಾಯುವ ಸರ್ಪ ಏಳು ತಲೆಮಾರಿನಷ್ಟು ನೀಳ. ಈ ಶೆಡ್ಡಿನಲ್ಲಿ ಆ ಲೆಕ್ಕ ನಡೆಯದು. ಇಷ್ಟೆಲ್ಲ ಬಲ್ಲ ನೋಲಾ ಕೂಡ ಒಮ್ಮೆ ಉದ್ದಕ್ಕೆ ಮೋಸಹೋಗಿದ್ದಾರೆ. ಮೋಸಹೋದೆ ಎಂಬ ಮಾತನ್ನು ಅವರು ಮಾತ್ರ ಒಪ್ಪುವುದಿಲ್ಲ.

ಮೂರು ವರ್ಷದ ಹಿಂದೆ ಇಂಥದೇ ಚಳಿಯಲ್ಲಿ ಡೆಸ್ ಬೇರೊಂದು ಹಾವನ್ನು ತಂದಿದ್ದರು. ಅದು ಅವರ ಹೆಂಡತಿ ಮೊಯ್ರಾ ಸಾಕಿದ್ದ ಪುಡಿಂಗ್. ಮೊಯ್ರಾ ತೀರಿಕೊಂಡು ಐದು ವಾರವಾಗಿತ್ತು. ಎರಡು ಮೀಟರಿಗೂ ಮೀರಿದ ಉದ್ದ, ತೋಳಿನಷ್ಟು ದಪ್ಪ. ಯಾವಾಗ ತಂದದ್ದೆಂದು ಡೆಸ್‌ಗೆ ನೆನಪಿಲ್ಲ. ಅವಳ ಹಾವಿನದೊಂದು ಮರಿ ಮನೆಯಲ್ಲಿ ಉಳಿದರೆ ಸಾಕು, ಮೊಟ್ಟೆಗೆ ಬಿಡಬಹುದಾ, ಎಂದು ಕೇಳಿದ್ದರು.

"ತಲೆ ಸಣ್ಣದಿತ್ತು. ನೋಡ್ಲಿಲ್ಲ ಅಂತ ಸುಳ್ಳು ಹೇಳಲ್ಲ, ನೋಡ್ದೆ," ಎನ್ನುತ್ತಾ ನೋಲಾ ದಾರವನ್ನು ಬೆರಳಿಗೆ ಸುತ್ತುತ್ತಾರೆ. "ಆದ್ರೆ ಅವನು ಎದುರಿಗೆ ನಿಂತಿದ್ದ. ಅಂಗಿ ಹಿಂದುಮುಂದಾಗಿ ಹಾಕ್ಕೊಂಡಿದ್ದ, ಗೊತ್ತೇ ಆಗಿರಲಿಲ್ಲ ಅವನಿಗೆ. ಉದ್ದ ಇದೆ, ತೂಕ ಇದೆ, ನಾಲ್ಕು ವರ್ಷ ಅಂತ ಬರೆದುಬಿಟ್ಟೆ."

ಪುಡಿಂಗ್‌ಗೆ ಆಗ ಇಪ್ಪತ್ತು ತಿಂಗಳು. ಮರಿಯಾಗಿ ತಂದಾಗಿನಿಂದ ಅದರ ಊಟದ ದಿನಗಳನ್ನು ಮೊಯ್ರಾ ಬರೆದಿಟ್ಟಿದ್ದ ಚೀಟಿಗಳು ಹೆಣಿಗೆಯ ಬುಟ್ಟಿಯಲ್ಲಿ ಸಿಕ್ಕಾಗ ತಡವಾಗಿತ್ತು. ಕ್ಯಾನ್ಸರಿನ ಔಷಧಿ ಏರಿಸಿಕೊಂಡು ಬಂದ ದಿನಗಳಲ್ಲಿ ಆಕೆಯ ಗಂಟಲಲ್ಲಿ ಒಂದು ತುತ್ತೂ ಇಳಿಯುತ್ತಿರಲಿಲ್ಲ. ಆ ತಿಂಗಳುಗಳಲ್ಲೇ ಹಾವಿಗೆ ನಾಲ್ಕು ದಿನಕ್ಕೊಂದು ಊಟ. "ಯಾರಾದ್ರೂ ಹೊಟ್ಟೆ ತುಂಬ ತಿನ್ನೋದನ್ನ ನೋಡ್ಬೇಕಿತ್ತೇನೋ ಅವಳಿಗೆ," ಎಂದಷ್ಟೇ ಡೆಸ್ ಹೇಳುತ್ತಾರೆ.

ಆ ಡಿಸೆಂಬರಿನಲ್ಲಿ ಐದು ಮೊಟ್ಟೆ ಹೊರಬಂದವು. ಉಳಿದವು ಒಳಗೇ ಸಿಕ್ಕಿಕೊಂಡವು. ಬಲಿಯದ ಮೈ ದಾರಿ ಬಿಡಲಿಲ್ಲ. ಪುಡಿಂಗ್ ಪಶುವೈದ್ಯರ ಮೇಜಿನ ಮೇಲೆ ಸತ್ತಿತು. ಐದರಲ್ಲಿ ನಾಲ್ಕು ಕೆಟ್ಟವು. ನೋಲಾ ಅವರ ಅಡುಗೆಮನೆಯ ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಬೆಚ್ಚಗೆ, ಒಂದು ಒಡೆಯಿತು. ಅದೇ ಪೆನ್ನಿ.

"ಬೈದಿದ್ರೆ ಹಗುರಾಗ್ತಿತ್ತು. ಬೈಲೇ ಇಲ್ಲ ಈ ಮನುಷ್ಯ. ಮುಂದಿನ ಶನಿವಾರ ಬಂದು ಡಬ್ಬ ತೊಳೆಯೋಕೆ ನಿಂತ. ಇವತ್ತಿಗೂ ಒಂದು ಶನಿವಾರ ತಪ್ಪಿಸಿಲ್ಲ."

ಈಗ ಪೆನ್ನಿಯನ್ನಿಟ್ಟ ತಕ್ಕಡಿ ಸಾವಿರದ ನಾನೂರು ಗ್ರಾಂ ತೋರಿಸುತ್ತದೆ. ನೋಲಾ ಹಾವಿನ ಕುತ್ತಿಗೆಯ ಮೇಲೆ ಅಂಗೈ ಮುಚ್ಚಿ ತಲೆಯೊಂದನ್ನೇ ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಎದ್ದು ಹೊರಗೆ ಬರುತ್ತಾರೆ.

"ಇಲ್ಲ, ಡೆಸ್."

"ಉದ್ದ ಇದ್ಯಲ್ಲೇ! ಗಂಡು ಹಾವಿನವನೂ ನೋಡಿ ಬಲಿತಿದೆ ಅಂದ."

"ಅವನಿಗೆ ಮರಿ ಬೇಕು, ಅಂತಾನೆ. ಎರಡು ವರ್ಷ ನಾಲ್ಕು ತಿಂಗಳು ಇದಕ್ಕೆ. ಹುಟ್ಟಿದ ಗಂಟೆ ಸಮೇತ ಗೊತ್ತು ನಂಗೆ. ಮುಂದಿನ ಜೂನ್‌ಗೆ ತಗೊಂಬಾ, ನೋಡೋಣ."

ಡೆಸ್ ಲೋಟದ ತಳ ನೋಡುತ್ತಾರೆ. "ಮುಂದಿನ ಜೂನ್ ಅಂತೆ. ದೊಡ್ಡ ಡಬ್ಬದ ಚಹಾಪುಡಿ ಕೊಳ್ಳೋದೇ ಬಿಟ್ಟಿದೀನಿ ಕಣೇ ನಾನು."

"ಗೊತ್ತು."

"ಮರಿಗಳು ಮೊಟ್ಟೆಯಿಂದ ಮೂತಿ ಹೊರಗೆ ಹಾಕೋದನ್ನ ನೋಡ್ಬೇಕು ಅಂತ ಮೊಯ್ರಾಗೆ ಆಸೆ ಇತ್ತು. ಅವಳ ಬದ್ಲು ನಾನು ನೋಡೋಣ ಅಂತ. ಅಷ್ಟೇ."

"ಗೊತ್ತು, ಡೆಸ್."

ಮರದಲ್ಲಿ ಮ್ಯಾಗ್‌ಪೈ ಹಕ್ಕಿಯೊಂದು ಕೂಗಿ ಸುಮ್ಮನಾಗುತ್ತದೆ. "ಹಂಗಿದ್ರೆ ಒಂದು ಚೀಟಿ ಬರೆದುಕೊಡು," ಎನ್ನುತ್ತಾರೆ ಡೆಸ್. "ಇಂಥಾ ದಿನ, ಇಷ್ಟು ಗಂಟೆಗೆ ಬಾ ಅಂತ. ಡಾಕ್ಟರ ಚೀಟಿ ಬಿಟ್ರೆ ಬೇರೆ ಯಾವ ಚೀಟೀನೂ ಇಲ್ಲ ನನ್ ಹತ್ರ."

ನೋಲಾ ಬರೆಯುತ್ತಾರೆ. ಡೆಸ್ ಅದನ್ನು ಎರಡು ಸಲ ಓದಿ ಜೇಬಿಗಿಟ್ಟು, ಪೆನ್ನಿಯ ಚೀಲವನ್ನು ಕೋಟಿನೊಳಗೆ ಎದೆಗವಚಿಕೊಂಡು ನಿಧಾನವಾಗಿ ಕಾರಿನತ್ತ ನಡೆಯುತ್ತಾರೆ.

ಕಾರು ತಿರುವು ದಾಟುವವರೆಗೂ ನೋಲಾ ನಿಂತಿರುತ್ತಾರೆ. "ಹೂಂ ಅಂದಿದ್ರೆ ನಗ್ತಾ ಹೋಗ್ತಿದ್ದ," ಎನ್ನುತ್ತಾರೆ, ನನಗಲ್ಲವೆಂಬಂತೆ. "ಜೂನ್‌ಗೆ ಇಬ್ಬರೂ ಬರ್ಲಿ, ಅಷ್ಟೇ ನನ್ ಆಸೆ. ಅವನಿಗೆ ಬರೋಕಾಗ್ಲಿಲ್ಲ ಅಂದ್ರೆ ನಾನೇ ಹೋಗಿ ಅದನ್ನ ಕರ್ಕೊಂಡು ಬರ್ತೀನಿ. ಬದುಕಿರುತ್ತಲ್ಲ ಅದು."