ನಿಂತೇ ಇದ್ದ ಸಾಕತ್ತೆ

ನನ್ನ ಸೋದರತ್ತೆ ಸಾಕಮ್ಮ ಒಂದು ವರ್ಷ ಎಲ್ಲೂ ಕೂರಲಿಲ್ಲ. ಹನಗೋಡಿನ ತನ್ನ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ತಟ್ಟೆಯನ್ನು ಎದೆಯ ಮಟ್ಟಕ್ಕೆ ಹಿಡಿದು ಮುದ್ದೆ ನುಂಗುತ್ತಿದ್ದಳು. ಧಾರಾವಾಹಿಯನ್ನು ಬಾಗಿಲ ಚೌಕಟ್ಟು ಹಿಡಿದುಕೊಂಡು ನೋಡುತ್ತಿದ್ದಳು. ಗೂಡಿನ ಬಿಸಿಯಲ್ಲಿ ಬೇಯಿಸಿ ಇಳಿಸಿದ ಹೊಗೆಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವಾಗ ಬೇರೆ ಹೆಂಗಸರು ಚಾಪೆ ಹಾಸಿಕೊಂಡು ಕೂತರೆ ಇವಳು ಮಾತ್ರ ಮಂಡಿಯೂರಿ ಎಲೆ ಆರಿಸುತ್ತಿದ್ದಳು. ಯಾಕತ್ತೆ ಅಂದರೆ, ಕೂತರೆ ನಿದ್ದೆ ಬರುತ್ತದೆ, ಕೈ ಓಡುವುದಿಲ್ಲ ಅನ್ನುವಳು. ಕೇಳಿದವರು ಅದನ್ನು ನಂಬಿ ಸುಮ್ಮನಾಗುತ್ತಿದ್ದರು.

ಇದೇ ಅತ್ತೆ ಮೊದಲು ಯಾರ ಮನೆಗೆ ಹೋದರೂ ಕೂತರೆ ಏಳುವವಳಲ್ಲ. ಬಾಣಂತಿ ಮನೆಯಿರಲಿ, ಸಾವಿನ ಮನೆಯಿರಲಿ, ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿದಳೆಂದರೆ ಎರಡು ಸಲ ಕಾಫಿ ಆಗಲೇಬೇಕು. "ಬಂದೋರು ಕುಂತ್ಕಂಡ್ರೇನೆ ಮನೆಗೆ ಕಳೆ ಕಣವ್ವ. ನಿಂತ್ಕಂಡೇ ಓಗೋರು ಪೋಸ್ಟ್‌ನೋರು, ಕರೆಂಟ್‌ನೋರು" ಎನ್ನುತ್ತಿದ್ದಳು. ನಮ್ಮ ಕಡೆ ಇದು ಬರೀ ಅತ್ತೆಯ ಮಾತಲ್ಲ, ಎಲ್ಲರ ಮಾತು. ಮನೆಗೆ ಬಂದ ನೆಂಟರು ಕೂರಲಿಲ್ಲ ಎಂದರೆ ಮನಸ್ಸಿನಲ್ಲಿ ಏನೋ ಇಟ್ಟುಕೊಂಡು ಬಂದಿದ್ದಾರೆ ಎಂದೇ ಅರ್ಥ.

ಅದು ಅವಳ ತಲೆಗೇ ಬಂತು. ಅವಳ ಗಂಡನ ತಂಗಿ ಜಯಮ್ಮನನ್ನು ಕೆ.ಆರ್. ನಗರದ ಹೊಸ ಅಗ್ರಹಾರಕ್ಕೆ ಕೊಟ್ಟಿತ್ತು. ಜಯಮ್ಮನ ಮಗಳ ನಿಶ್ಚಿತಾರ್ಥಕ್ಕೆ ಅತ್ತೆ ಹೋದಳು. ನಮ್ಮ ಮಾವ ತೀರಿಹೋಗಿ ಬಹಳ ಕಾಲವಾಗಿತ್ತು. ತವರಿನ ಕಡೆಯ ಹಿರಿಯಳೆಂದರೆ ಇವಳೇ. ಜಮಖಾನದ ಮೇಲೆ ಅವಳಿಗೆಂದೇ ಜಾಗ ಬಿಟ್ಟಿದ್ದರು. ಇವಳು ಕಂಬ ಹಿಡಿದು ನಿಂತೇ ಶಾಸ್ತ್ರ ನೋಡಿ, ಪಂಕ್ತಿ ಏಳುವ ಮೊದಲೇ ಬಸ್ಸು ಹತ್ತಿಬಿಟ್ಟಳು. "ದೊಡ್ಡೋರು ಕಣಪ್ಪ, ನಮ್ ಜಮಖಾನ ಅವ್ರಿಗೆ ಚುಚ್ತದೆ" ಎಂದು ಜಯಮ್ಮ ನೆಂಟರೆಲ್ಲರ ಮುಂದೆ ಹೇಳಿದ್ದು ಹನಗೋಡಿಗೂ ತಲುಪಿತು. ಅಲ್ಲಿಂದ ಮಾತು ನಿಂತಿತು. ಮಗಳ ಮದುವೆಗೆ ಕರೆಯೂ ಬರಲಿಲ್ಲ.

ಒಂದು ಮಾತು ಆಡಿದ್ದರೆ ಸರಿಹೋಗುತ್ತಿತ್ತು. ಅತ್ತೆ ಕೂರದೆ ಇದ್ದದ್ದು ನೋವಿಗೆ, ಆದರೆ ಆ ನೋವು ಇದ್ದ ಜಾಗ ಅಂಥದ್ದು. ಕೈಗೋ ಕಾಲಿಗೋ ಬಂದಿದ್ದರೆ ಅತ್ತೆ ಊರಿಗೆಲ್ಲ ಸಾರುತ್ತಿದ್ದಳು. ಬೆನ್ನಿನ ತುದಿಯ ನೋವನ್ನು ನಾಲ್ಕು ಜನರ ಮುಂದೆ ಹೇಗೆ ಹೇಳುವುದು? ಮಕ್ಕಳಿಲ್ಲದ ಅತ್ತೆಗೆ ನಾನೇ ಮಗಳು, ನನಗೂ ಹೇಳಲಿಲ್ಲ. ಹುಣಸೂರಿನಲ್ಲಿ ಟೀಚರಾಗಿರುವ ನಾನು ಒಂದು ದಿನ ಅವಳನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಅರ್ಧ ಖಾಲಿ ಬಸ್ಸಿನಲ್ಲಿ ಅತ್ತೆ ಕಂಬಿಗೆ ಜೋತುಬಿದ್ದು ನಿಂತು ಬಂದಿದ್ದಳು. ಮುಖ ಬಿಳಿಚಿಕೊಂಡಿತ್ತು. ಅವತ್ತೇ ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ.

ಬೆನ್ನುಮೂಳೆಯ ತುದಿಯಲ್ಲಿ ಗಡ್ಡೆ ಬೆಳೆದಿತ್ತು. ಆಪರೇಷನ್ ಮುಂಬೈಯ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಗಬೇಕೆಂದರು. ರೈಲಿನಲ್ಲಾದರೆ ಮಲಗಿಕೊಂಡಾದರೂ ಹೋಗಬಹುದಿತ್ತು. ದಿನ ಗೊತ್ತಾಗಿದ್ದು ತಡವಾಗಿ, ಬರ್ತ್ ಸಿಗಲಿಲ್ಲ. ವಿಮಾನವೇ ಗತಿ. ಅತ್ತೆ ವಿಮಾನಕ್ಕೆ ಹೆದರಲಿಲ್ಲ, ಸೀಟಿಗೆ ಹೆದರಿದಳು. ಎಷ್ಟು ಹೊತ್ತು ಕೂರಬೇಕು ಎನ್ನುವುದೊಂದನ್ನೇ ಮತ್ತೆ ಮತ್ತೆ ಕೇಳಿದಳು. ಆಮೇಲೆ ಹಳೇ ಸೀರೆಗಳನ್ನು ಬಿಗಿಯಾಗಿ ಹೊಸೆದು, ಬಿಂದಿಗೆ ಹೊರಲು ತಲೆಗೆ ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದೇ ಒಂದು ದೊಡ್ಡ ಸಿಂಬೆ ಸುತ್ತಿದಳು. ಅದರ ಮೇಲೆ ಕೂತರೆ ನೋಯುವ ಜಾಗ ಸೀಟಿಗೆ ತಗುಲುವುದಿಲ್ಲ ಎಂಬ ಲೆಕ್ಕ. ತಲೆಯ ಮೇಲಿನದು ಎಲ್ಲಿಗೆ ಬಂತು ನೋಡು ಎಂದು ಅವಳೇ ನಕ್ಕಳು.

ಬೆಂಗಳೂರಿನವರೆಗೆ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಬೋರಲು ಮಲಗಿ ಬಂದಳು. ಏರ್‌ಪೋರ್ಟಿನಲ್ಲಿ ಇವಳ ನಡಿಗೆ ನೋಡಿ ಒಬ್ಬ ಹುಡುಗ ಮರುಕದಿಂದ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಅತ್ತೆ ಅದನ್ನು ಮೇಲಿಂದ ಕೆಳಗೆ ನೋಡಿ, "ಕುಂತ್ಕಳಕಾಗ್ದೆ ತಾನೆ ನಾವ್ ಒಂಟಿರೋದು. ಇವ್ನು ನೋಡು, ಕುರ್ಚಿ ತಂದವ್ನೆ" ಎಂದಳು. ತಪಾಸಣೆಯ ಹೆಂಗಸು ಸಿಂಬೆಯನ್ನು ಹಿಸುಕಿ ಹಿಸುಕಿ ನೋಡಿ, ಅರ್ಥವಾಗದೆ ವಾಪಸು ಕೊಟ್ಟಳು.

ವಿಮಾನ ಮೇಲೇರುವವರೆಗೆ ಅತ್ತೆ ಸೆರಗು ಕಚ್ಚಿಕೊಂಡು ಕೂತಿದ್ದಳು. ಬೆಲ್ಟಿನ ದೀಪ ಆರಿದೊಡನೆ ಎದ್ದು ಹಿಂಭಾಗಕ್ಕೆ ಹೋಗಿ ನಿಂತಳು. ಗಗನಸಖಿ ಒಳ್ಳೆಯ ಹುಡುಗಿ, ಬಯ್ಯದೆ ನೀರು ಕೊಟ್ಟಳು. ಕಷ್ಟ ಬಂದದ್ದು ಮುಂಬೈ ಹತ್ತಿರವಾದಾಗ. ಎಲ್ಲರೂ ಕೂರಲೇಬೇಕೆಂದರು, ಆದರೆ ಇಳಿಯಲು ಅಪ್ಪಣೆ ಸಿಗದೆ ವಿಮಾನ ಮೇಲೇ ಸುತ್ತುಹಾಕತೊಡಗಿತು. ನನ್ನ ಸೀಟು ಓಣಿಯ ಆಚೆ ಇತ್ತು. ಅತ್ತೆಯ ಪಕ್ಕದಲ್ಲಿದ್ದವರು ಒಬ್ಬ ಮರಾಠಿ ಅಜ್ಜಿ. ಸಿಂಬೆ ಸೋತಿತ್ತು. ಅತ್ತೆ ತಟಕ್ಕನೆ ಆ ಅಜ್ಜಿಯ ಕೈ ಹಿಡಿದುಕೊಂಡಳು.

"ಯಾರ್ಗೂ ಯೋಳ್ನಿಲ್ಲ ಕಣಕ್ಕ" ಎಂದು ಶುರುಮಾಡಿದಳು. "ಕೆಂಡದ ಮೇಲೆ ಕುಂತಂಗಾಯ್ತದೆ. ಅವತ್ತು ಜಯಮ್ಮನ ಮನೇಲಿ ಒಂದ್ ಗಳಿಗೆ ಕುಂತಿದ್ರೂ ಕಿರುಚ್ಕಬುಡ್ತಿದ್ದೆ. ಶುಭಕಾರ್ಯದಲ್ಲಿ ಕಿರುಚಕಾಯ್ತದಾ? ಅದ್ಕೇ ಒಂಟ್ ಬಂದ್ಬುಟ್ಟೆ. ಕೊಬ್ಬು ಅಂದ್ಕಂಡ್ರು. ಆ ಮಗೀನ ಎತ್ತಿ ಆಡ್ಸಿದ್ದೆ ಕಣಕ್ಕ, ಅದರ ಮದ್ವೆ ನೋಡ್ನಿಲ್ಲ ನಾನು."

ಅಜ್ಜಿಗೆ ಒಂದಕ್ಷರ ಕನ್ನಡ ಬಾರದು. "ಹೋ, ಹೋ" ಎಂದು ತಮ್ಮ ಭಾಷೆಯಲ್ಲಿ ಹೂಂಗುಟ್ಟುತ್ತಾ, ಇನ್ನೊಂದು ಕೈಯಿಂದ ಅತ್ತೆಯ ಭುಜ ಸವರುತ್ತಿದ್ದರು. ಅರ್ಥವಾಗದವರ ಹತ್ತಿರವಾದ್ದರಿಂದಲೇ ಅತ್ತೆ ನೋವಿನ ಜಾಗವನ್ನೂ ಹೆಸರು ಹಿಡಿದು ಹೇಳಿದಳು. ಚಕ್ರ ನೆಲಕ್ಕೆ ತಾಗುವವರೆಗೂ ಮಾತು ನಿಲ್ಲಲಿಲ್ಲ. ಓಣಿಯ ಆಚೆ ಕೂತು ನಾನು ಎಲ್ಲವನ್ನೂ ಕೇಳಿಸಿಕೊಂಡೆ. ನನ್ನ ಅತ್ತೆ ಒಂದು ವರ್ಷ ಹೇಗಿದ್ದಳೆಂದು ಗೊತ್ತಾಗಿ ಅಳು ತಡೆಯಲಾಗಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಆಸ್ಪತ್ರೆಯಿಂದಲೇ ಜಯಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ರೈಲಿನಲ್ಲಿ ಬರ್ತ್ ಹಿಡಿದು ಊರಿಗೆ ಕರೆತರುವಷ್ಟರಲ್ಲಿ ಜಯಮ್ಮ ಹನಗೋಡಿಗೆ ಬಂದು ಒಲೆ ಹಚ್ಚಿದ್ದಳು. "ಅತ್ಗೆ, ನಂಗೊಂದ್ ಮಾತ್ ಯೋಳಕಾಗ್ನಿಲ್ವಾ ನಿಂಗೆ" ಎಂದು ಬಯ್ಯುತ್ತಲೇ ಅತ್ತಳು. ಅತ್ತೆಯೂ ಅತ್ತಳು. ಆಮೇಲೆ ಸ್ವಲ್ಪ ಸ್ವಲ್ಪವೇ ಕೂರುವುದನ್ನು ಮತ್ತೆ ಕಲಿತಳು.

ಕಾಯಿಲೆ ಮತ್ತೆ ಬಂದದ್ದು ಶ್ವಾಸಕೋಶಕ್ಕೆ. ಈ ಸಲ ಆಪರೇಷನ್ ಮಾಡಿ ಪ್ರಯೋಜನವಿಲ್ಲವೆಂದರು ಡಾಕ್ಟರು. ಅತ್ತೆಯನ್ನು ನಾನು ಕೊನೆಯದಾಗಿ ನೋಡಿದ್ದು ಒಂದು ಭಾನುವಾರ ಮಧ್ಯಾಹ್ನ, ಅವಳ ಮಂಚದ ಪಕ್ಕದಲ್ಲಿ. ಹೇಗಿದ್ದೀ ಅತ್ತೆ ಅಂದೆ. ಆರಾಮಾಗಿದ್ದೀನಿ ಅನ್ನುತ್ತಾಳೆ ಎಂದುಕೊಂಡೆ. ಅವಳು ನನ್ನ ಕೈ ತೆಗೆದುಕೊಂಡು ಪಕ್ಕೆಯ ಮೇಲೆ ಒತ್ತಿ ಇಟ್ಟುಕೊಂಡಳು.

"ಇಲ್ಲಿ ಕಣವ್ವ. ಬಾಳ ನೋಯ್ತದೆ" ಎಂದಳು.

ಹೊರಗೆ ನಾನು ಹತ್ತಬೇಕಿದ್ದ ಹುಣಸೂರಿನ ಬಸ್ಸು ಹಾರ್ನ್ ಮಾಡುತ್ತಿತ್ತು. ನಾನು ಕೈ ತೆಗೆಯಲಿಲ್ಲ.